ಸಿರಪ್ ಮಹಾಶಯರ ಸನ್ನಿಧಿಗೆ

ಇವರಿಗೆ,
ಶ್ರೀಮಾನ್ ಅಲರ್ಜಿ ಸಿರಪ್ ಅವರು,
ಫ್ರಿಜ್ಜಿನ ಬಾಗಿಲು, ಟೊಮೆಟೊ ಸಾಸಿನ ಪಕ್ಕ,
ಮಕ್ಕಳಿರುವ ಎಲ್ಲ ಮನೆಗಳು.

ವಿಷಯ: ತಾವು ಮಕ್ಕಳ ಬಾಯಿಗೆ ದಯಮಾಡಿಸುವ ಮುನ್ನ ನಡೆಯಬೇಕಾದ ಸಣ್ಣದೊಂದು ವಿಚಾರಣೆಯ ಕುರಿತು ವಿನಮ್ರ ಅರಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಭಕ್ತಿಪೂರ್ವಕವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ಮಕ್ಕಳಿರುವ ಮನೆಯಲ್ಲಿ ತಮಗಿರುವ ಮರ್ಯಾದೆ ಮನೆಯ ಯಜಮಾನನಿಗೂ ಇಲ್ಲ. ಮೀಟರ್ ನೋಡಲು ಬಂದವನನ್ನು ನಾವು ಗೇಟಿನಲ್ಲೇ ನಿಲ್ಲಿಸಿ ಯಾರಪ್ಪಾ, ಎಲ್ಲಿಂದ ಬಂದೆ ಎಂದು ಕೇಳುತ್ತೇವೆ. ಸೊಪ್ಪಿನವಳ ಕಟ್ಟನ್ನು ಬಿಚ್ಚಿ, ಒಳಗೆ ಹುಳ ಇದೆಯೇ ಎಂದು ನೋಡಿಯೇ ಕಾಸು ಬಿಚ್ಚುತ್ತೇವೆ. ತಮ್ಮನ್ನು ಮಾತ್ರ ಹೆಸರು ಕೇಳದೆ, ಕುಲಗೋತ್ರ ವಿಚಾರಿಸದೆ, ನೇರವಾಗಿ ಮಗುವಿನ ನಾಲಿಗೆಯ ಮೇಲೆ ಕೂರಿಸಿಬಿಡುತ್ತೇವೆ. ಒಂದು ಸೀನು ಕೇಳಿಸಿದರೆ ಸಾಕು, ತಮಗೆ ಬುಲಾವ್. ಮೈ ತುರಿಸಿದರೆ ತಾವು. ಮಳೆಯಲ್ಲಿ ನೆಂದು ಬಂದರೆ ತಾವು. ನಿದ್ದೆ ಬಾರದಿದ್ದರೂ ತಾವೇ. ಇಷ್ಟೊಂದು ವಿಶ್ವಾಸವನ್ನು ಯಾವ ಅರ್ಜಿಯನ್ನೂ ಹಾಕದೆ ಗಳಿಸಿಕೊಂಡ ತಮಗೆ ಈ ಅರ್ಜಿ ಬರೆಯುವ ಧೈರ್ಯ ಮಾಡಿದ್ದೇನೆ. ತಪ್ಪು ತಿಳಿಯಬಾರದು.

ಮೊದಲಿಗೆ ತಮ್ಮ ವಂಶಕ್ಕೆ ಸಾಷ್ಟಾಂಗ ನಮಸ್ಕಾರ. 1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್-ಮರಿ ಸ್ಟೌಬ್ ಎಂಬವರು ತಮ್ಮ ಮೂಲಪುರುಷನನ್ನು ಬೆಳಕಿಗೆ ತಂದರು. ಆತ ಮನುಷ್ಯರಿಗೆ ಕೊಡಲಾಗದಷ್ಟು ವಿಷದವನಾಗಿದ್ದ ಎಂಬುದನ್ನು ತಾವು ಮನೆತನದ ಚರಿತ್ರೆಯಲ್ಲಿ ಹೇಳಿಕೊಳ್ಳುವುದಿಲ್ಲ, ಇರಲಿ. 1940ರ ದಶಕದಲ್ಲಿ ಡೈಫೆನ್‌ಹೈಡ್ರಮೈನ್, ಪ್ರೊಮೆಥಜಿನ್, ಕ್ಲೋರ್‌ಫೆನಿರಮೈನ್ ಎಂಬ ತಮ್ಮ ಹಿರಿಯರು ಹುಟ್ಟಿದರು. 1957ರಲ್ಲಿ ಬೋವೆ ಅವರಿಗೆ ನೊಬೆಲ್ ಬಂತು. ಧೂಳೋ, ಪರಾಗವೋ, ಕಾಂಗ್ರೆಸ್ ಗಿಡವೋ ತಾಗಿದಾಗ ಮೈಯೊಳಗೆ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಮೂಗು ಸೋರುವುದು, ಕಣ್ಣು ಕೆಂಪಾಗುವುದು, ಚರ್ಮ ಉಬ್ಬುವುದು ಅದರ ಕೆಲಸ. ಅದು ಹೋಗಿ ಕೂರಬೇಕಾದ ಜಾಗದಲ್ಲಿ ತಾವು ಮೊದಲೇ ಹೋಗಿ ಕೂರುತ್ತೀರಿ. ಜಾಗ ಹಿಡಿಯುವ ಈ ಕಲೆ ತಮಗೆ ಕರಗತ ಎಂಬುದು ಮುಂದೆ ಹೇಳಲಿರುವ ಬೇರೆ ಪ್ರಸಂಗಗಳಿಂದಲೂ ಸಾಬೀತಾಗಿದೆ.

ತಮ್ಮ ಉಪಕಾರವನ್ನು ಮರೆತರೆ ಕೃತಘ್ನಳಾದೇನು. ಮಗುವಿನ ಮೈಮೇಲೆ ಪಿತ್ತದ ಗಂಧೆ ಎದ್ದಾಗ ನಮ್ಮ ಅಜ್ಜಿಯರು ಕಂಬಳಿಯಿಂದ ತಿಕ್ಕುತ್ತಿದ್ದರು, ಪುನರ್ಪುಳಿ ಸಾರು ಕುಡಿಸುತ್ತಿದ್ದರು. ಮಗು ರಾತ್ರಿಯಿಡೀ ಪರಚಿಕೊಳ್ಳುತ್ತಿತ್ತು. ತಮ್ಮ ವಂಶದ ಎರಡನೇ ತಲೆಮಾರಿನ ಸೆಟಿರಿಜಿನ್, ಲೊರಟಡಿನ್, ಫೆಕ್ಸೊಫೆನಡಿನ್ ಮುಂತಾದವರು ಬಂದ ಮೇಲೆ ಒಂದೆರಡು ಗಂಟೆಯಲ್ಲಿ ಆ ತುರಿಕೆ ಹದಕ್ಕೆ ಬರುತ್ತದೆ. ಇವರು ಹಿರಿಯರಷ್ಟು ಸಲೀಸಾಗಿ ಮಿದುಳಿನೊಳಗೆ ನುಗ್ಗುವುದಿಲ್ಲ, ಆದ್ದರಿಂದ ಮಂಪರೂ ಕಡಿಮೆ. ಸರಿಯಾದ ಮಗುವಿಗೆ, ಸರಿಯಾದ ಕಾಯಿಲೆಗೆ, ಸರಿಯಾದ ಅಳತೆಯಲ್ಲಿ ಬಂದರೆ ತಾವು ನಿಜಕ್ಕೂ ದೊಡ್ಡವರು. ನನ್ನ ತಕರಾರೆಲ್ಲ ಆ ಮೂರು ‘ಸರಿ’ಗಳಿಗೆ ಸಂಬಂಧಿಸಿದ್ದು.

ತಮ್ಮ ಮೊದಲ ಕೃಪೆ: ತಾವು ಯಾರೆಂದು ಯಾರಿಗೂ ತಿಳಿಯದಂತೆ ಓಡಾಡುವ ಸರಳತೆ. ಡಬ್ಬಿಯ ಮೇಲೆ ನಗುವ ಕರಡಿ, ಸ್ಟ್ರಾಬೆರಿ ಹಣ್ಣು, ದೊಡ್ಡ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರು. ಆ ಹೆಸರಿನ ಬಾಲಕ್ಕೆ ಪ್ಲಸ್, ಕೋಲ್ಡ್, ಡಿ.ಎಸ್., ಎಲ್.ಸಿ. ಎಂಬ ಬಿರುದುಗಳು. ಒಳಗಿರುವ ಔಷಧದ ಹೆಸರು ಮಾತ್ರ ಕೆಳಗೆ, ಕನ್ನಡಕ ಹಾಕಿದರೂ ಹತ್ತದಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. 1945ರ ಔಷಧ ನಿಯಮಾವಳಿಯ ‘ಜಿ’ ಶೆಡ್ಯೂಲಿನಲ್ಲಿ ತಮ್ಮ ಹಿರಿಯರ ಹೆಸರುಗಳಿವೆ; ವೈದ್ಯರ ನಿಗಾ ಇಲ್ಲದೆ ಇದನ್ನು ತೆಗೆದುಕೊಳ್ಳುವುದು ಅಪಾಯ ಎಂಬ ಎಚ್ಚರಿಕೆಯನ್ನು ಲೇಬಲ್ಲಿನ ಮೇಲೆ ಅಚ್ಚು ಹಾಕಬೇಕೆಂದು ಆ ನಿಯಮವೇ ಹೇಳುತ್ತದೆ. ತಾವು ಕಾನೂನಿಗೆ ತಲೆಬಾಗುವವರು, ಅಚ್ಚು ಹಾಕಿಸಿದ್ದೀರಿ. ಹಾವೇರಿಯ ಹಳ್ಳಿಯೊಂದರ ಅಜ್ಜಿ ಅದನ್ನು ಓದಲಾರಳು ಎಂಬುದು ತಮ್ಮ ತಪ್ಪೇ? ಸ್ಟ್ರಾಬೆರಿಯ ಚಿತ್ರವನ್ನಂತೂ ಅವಳು ಚೆನ್ನಾಗಿಯೇ ಓದುತ್ತಾಳೆ.

ಎರಡನೆಯ ಕೃಪೆ: ತಾವು ಒಬ್ಬರೇ ಬರುವ ಪದ್ಧತಿ ಇಲ್ಲ. ನೆಗಡಿಯ ಸಿರಪ್ ಎಂಬ ವೇಷದಲ್ಲಿ ಬರುವಾಗ ಕ್ಲೋರ್‌ಫೆನಿರಮೈನ್ ಜೊತೆಗೆ ಮೂಗು ಬಿಡಿಸುವ ಫಿನೈಲ್‌ಎಫ್ರಿನ್, ಅದರ ಜೊತೆಗೆ ಜ್ವರದ ಪ್ಯಾರಸಿಟಮಾಲ್, ಹೀಗೆ ಸಪರಿವಾರ ಸಮೇತ ಆಗಮಿಸುತ್ತೀರಿ. ಅತಿಥಿ ಸತ್ಕಾರದಲ್ಲಿ ನಾವೂ ಹಿಂದೆ ಬಿದ್ದವರಲ್ಲ. ಮಗುವಿಗೆ ಮೈ ಬಿಸಿ ಇದೆ ಎಂದು ಬೇರೆಯೇ ಬಾಟಲಿಯಿಂದ ಜ್ವರದ ಔಷಧಿ ಹಾಕುತ್ತೇವೆ. ಪ್ಯಾರಸಿಟಮಾಲ್ ಎರಡು ಸಲ ಹೋಯಿತು. ತುರಿಕೆ ಇದೆ ಎಂದು ಚರ್ಮದ ಡಾಕ್ಟರು ಬರೆದ ಅಲರ್ಜಿ ಸಿರಪ್ಪನ್ನೂ ಹಾಕುತ್ತೇವೆ. ತಮ್ಮ ಮನೆತನದ ಇಬ್ಬರು ಒಂದೇ ಹೊಟ್ಟೆಯಲ್ಲಿ ಭೇಟಿಯಾದರು. ಮೂರೂ ಬಾಟಲಿಗಳ ಹೆಸರು ಬೇರೆ, ಬಣ್ಣ ಬೇರೆ, ಬರೆದ ಡಾಕ್ಟರೂ ಬೇರೆ. ಒಳಗಿನ ಲೆಕ್ಕ ಇಡುತ್ತಿರುವುದು ಮಗುವಿನ ಪಿತ್ತಜನಕಾಂಗ ಮಾತ್ರ. ಯಾವ ಡಾಕ್ಟರ ಬಳಿ ಹೋದರೂ ಈಗ ಕುಡಿಸುತ್ತಿರುವ ಎಲ್ಲ ಬಾಟಲಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡುವುದೊಂದೇ ತಮ್ಮ ಈ ಗುಪ್ತ ಸಮ್ಮಿಲನಕ್ಕೆ ಮದ್ದು.

ಇನ್ನು ತಮ್ಮ ಅಳತೆಯ ಮಹಿಮೆ. ತಾವು ಶಿರದ ಮೇಲೆ ಧರಿಸುವ ಆ ಪಾರದರ್ಶಕ ಕಿರೀಟದಲ್ಲಿ ಎರಡೂವರೆ, ಐದು, ಹತ್ತು ಎಂಬ ಗೆರೆಗಳಿವೆಯಂತೆ. ಇವೆ, ನಾನೇ ಕಂಡಿದ್ದೇನೆ. ಪ್ಲಾಸ್ಟಿಕ್ಕಿನ ಮೇಲೆ ಬಣ್ಣವಿಲ್ಲದೆ ಉಬ್ಬಿಸಿದ ಗೆರೆಗಳವು. ಹಗಲಿನಲ್ಲಿ ಕಿಟಕಿಯ ಕಡೆ ಹಿಡಿದು, ಸ್ವಲ್ಪ ಓರೆ ಮಾಡಿದರೆ ದರ್ಶನ ಕೊಡುತ್ತವೆ. ಓರೆ ಮಾಡಿದ ಕೂಡಲೇ ಒಳಗಿನ ದ್ರವ ಒಂದು ಕಡೆ ಏಳನ್ನೂ ಇನ್ನೊಂದು ಕಡೆ ಮೂರನ್ನೂ ಮುಟ್ಟುತ್ತದೆ. ಹಳೆಯ ಸಿರಪ್ಪು ತಳದಲ್ಲಿ ಅಂಟಿ ಗಟ್ಟಿಯಾಗಿ ಎರಡೂವರೆಯ ಗೆರೆಯನ್ನೇ ನುಂಗಿರುತ್ತದೆ. ರಾತ್ರಿ ಹನ್ನೊಂದಕ್ಕೆ, ಮಗು ಒಂದು ಸೊಂಟದ ಮೇಲೆ ಅಳುತ್ತಿರುವಾಗ, ಈ ಶಿಲ್ಪಕಲೆಯನ್ನು ಆಸ್ವಾದಿಸುವ ಭಾಗ್ಯ ತಾಯಂದಿರಿಗೆ ಕರುಣಿಸಿದ ತಮಗೆ ಅನಂತ ವಂದನೆಗಳು.

ಕಿರೀಟ ಸಿಗದಿದ್ದರೆ ಚಮಚ. ಚಮಚವೆಂದರೆ ಲೆಕ್ಕದ ಪ್ರಕಾರ 5 ಮಿ.ಲೀ.; ದೊಡ್ಡ ಚಮಚವೆಂದರೆ 15. ನಮ್ಮ ಅಡುಗೆಮನೆಯ ಡಬ್ಬದಲ್ಲಿರುವ ಉಪ್ಪಿನಕಾಯಿ ಚಮಚ, ಸಕ್ಕರೆ ಚಮಚ, ಪಾಯಸದ ಚಮಚಗಳಿಗೆ ಈ ಲೆಕ್ಕ ಗೊತ್ತಿಲ್ಲ. ಒಂದು ಚಮಚದ ಜಾಗದಲ್ಲಿ ಇನ್ನೊಂದು ಬಂದರೆ ಮಗುವಿಗೆ ಮೂರು ಪಟ್ಟು. ಕೆಲವು ಮನೆಗಳಲ್ಲಿ ಬಾಣಂತನದ ಒಳಲೆಯನ್ನೇ ತೊಳೆದು ತಮಗೆ ಆಸನ ಮಾಡಿಕೊಡುತ್ತಾರೆ. ಹಿಪ್ಪಲಿ, ಬಜೆ ತೇಯ್ದು ಹಾಕುತ್ತಿದ್ದ ಆ ಒಳಲೆಯಲ್ಲಿ ಒಂದು ಗೆರೆಯೂ ಇಲ್ಲ. ಅಜ್ಜಿಯ ಹೆಬ್ಬೆರಳೇ ಅಲ್ಲಿ ಅಳತೆಗೋಲು. ಅಗ್ಗಕ್ಕೆ ಸಿಗುವ, ಸೂಜಿಯಿಲ್ಲದ, ಕಪ್ಪು ಗೆರೆ ಎಳೆದ ಬಾಯಿಯ ಸಿರಿಂಜನ್ನು ತಮ್ಮ ಡಬ್ಬಿಯೊಳಗೇ ಇಟ್ಟು ಕಳಿಸಿದರೆ ತಮ್ಮ ಘನತೆಗೆ ಕುಂದು ಬರುವುದೇ ಎಂದು ಕೈಮುಗಿದು ಕೇಳುತ್ತೇನೆ. ಅದರಲ್ಲಿ ಎಳೆದುಕೊಂಡು, ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಕೆನ್ನೆಯ ಒಳಗೋಡೆಗೆ ನಿಧಾನವಾಗಿ ಬಿಟ್ಟರೆ ಮಗು ಉಗುಳುವುದೂ ಕಡಿಮೆ, ನೆತ್ತಿಗೆ ಹತ್ತುವುದೂ ಕಡಿಮೆ.

ಅಳತೆಯೊಂದು ಸರಿಯಾದರೆ ಮುಗಿಯಿತೇ ಎಂದರೆ, ತಮ್ಮ ಲೀಲೆ ಅಷ್ಟು ಸುಲಭಕ್ಕೆ ಮುಗಿಯುವುದಲ್ಲ. ಸೆಟಿರಿಜಿನ್ ಸಿರಪ್ಪಿನಲ್ಲಿ ಸಾಮಾನ್ಯವಾಗಿ 5 ಮಿ.ಲೀ.ಗೆ 5 ಮಿ.ಗ್ರಾಂ ಔಷಧ ಇರುತ್ತದೆ. ಅದರ ತಮ್ಮ ಲೆವೊಸೆಟಿರಿಜಿನ್‌ನಲ್ಲಿ 2.5 ಮಿ.ಗ್ರಾಂ. ಹೆಸರಿನಲ್ಲಿ ಎರಡಕ್ಷರದ ವ್ಯತ್ಯಾಸ, ಔಷಧದಲ್ಲಿ ಅರ್ಧಕ್ಕರ್ಧ. ಇನ್ನು ತಾವು ‘ಡ್ರಾಪ್ಸ್’ ಆಗಿ, ಹಸುಗೂಸಿನ ಪುಟ್ಟ ಬಾಟಲಿಯಲ್ಲಿ ಅವತರಿಸಿದಾಗಿನ ಮಹಿಮೆ ಹೇಳತೀರದು. ನೆಗಡಿಯ ಕೆಲವು ಡ್ರಾಪ್ಸ್‌ಗಳಲ್ಲಿ ಒಂದೇ ಮಿ.ಲೀ.ಗೆ 2 ಮಿ.ಗ್ರಾಂ ಕ್ಲೋರ್‌ಫೆನಿರಮೈನ್. ಸಿರಪ್ಪು ಮುಗಿದಿದೆ, ಇದೂ ಅದೇ ಅಲ್ಲವೇ ಎಂದು ಯಾರಾದರೂ ಇದನ್ನು ಚಮಚದ ಲೆಕ್ಕದಲ್ಲಿ ಹಾಕಿದರೆ 5 ಮಿ.ಲೀ.ಯಲ್ಲಿ 10 ಮಿ.ಗ್ರಾಂ ಹೋಯಿತು. ದೊಡ್ಡವರು ನುಂಗುವ ಮಾತ್ರೆಯಲ್ಲಿರುವುದು 4 ಮಿ.ಗ್ರಾಂ. ಎರಡೂವರೆ ಮಾತ್ರೆಯನ್ನು ಕೂಸಿಗೆ ಕುಡಿಸುವ ಸಾಮರ್ಥ್ಯವುಳ್ಳ ಅಷ್ಟು ಚಿಕ್ಕ ಬಾಟಲಿಯನ್ನು ನಾವು ‘ಮಕ್ಕಳದ್ದು, ಲೈಟ್ ಇರುತ್ತೆ’ ಎಂದು ನಂಬಿದ್ದೇವೆ. ಆದ್ದರಿಂದ ಡಾಕ್ಟರ ಚೀಟಿಯಲ್ಲಿರುವ ಮಿ.ಲೀ. ಆ ಚೀಟಿಯಲ್ಲಿ ಬರೆದ ಬಾಟಲಿಗೆ ಮಾತ್ರ ಸಲ್ಲುತ್ತದೆ. ಬಾಟಲಿ ಬದಲಾದರೆ ಲೆಕ್ಕವೂ ಹೊಸದಾಗಿಯೇ ಆಗಬೇಕು.

ತಮ್ಮ ಪರಮಭಕ್ತರಾದ ಔಷಧಿ ಅಂಗಡಿಯವರನ್ನು ಇಲ್ಲಿ ಸ್ಮರಿಸದಿದ್ದರೆ ಪಾಪ ಬರುತ್ತದೆ. ನಮ್ಮ ಬಡಾವಣೆಯ ಒಂದು ಕೌಂಟರಿನಲ್ಲಿ ಕಿವಿಯಾರೆ ಕೇಳಿದ ಸಂಭಾಷಣೆ ಇದು:

“ಅಣ್ಣಾ, ಪಾಪುಗೆ ಮೂಗು ಸೋರ್ತಾನೇ ಇದೆ, ಏನಾದ್ರೂ ಸಿರಪ್ ಕೊಡಿ.”

“ಎಷ್ಟು ವರ್ಷ ಅಕ್ಕಾ?”

“ಮೊನ್ನೆ ಮೂರು ತುಂಬ್ತು.”

“ಇದು ತಗೊಳ್ಳಿ. ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ.”

ಅರ್ಧ ಏನು ಎಂದು ಆಕೆ ಕೇಳಲಿಲ್ಲ, ಆತ ಹೇಳಲಿಲ್ಲ. ಅರ್ಧ ಚಮಚವೋ, ಅರ್ಧ ಮುಚ್ಚಳವೋ, ಮುಚ್ಚಳದ್ದೇ ಆದರೆ ಐದರ ಅರ್ಧವೋ ಹತ್ತರ ಅರ್ಧವೋ? ಮೂರು ವರ್ಷದ ಮಗು ಹನ್ನೊಂದು ಕಿಲೋ ಇರಬಹುದು, ಹದಿನಾರೂ ಇರಬಹುದು. ಮಗುವಿನ ತೂಕ ಎಷ್ಟು, ಬೇರೆ ಏನು ಕುಡಿಸುತ್ತಿದ್ದೀರಿ, ಮೂತ್ರಪಿಂಡದ ತೊಂದರೆ ಏನಾದರೂ ಇದೆಯೇ, ಈ ಹಿಂದೆ ಈ ಔಷಧಿಗೆ ಮೈಗೊಗ್ಗದ ಪ್ರಸಂಗ ಆಗಿತ್ತೇ ಎಂಬ ಪ್ರಶ್ನೆಗಳಿಗೆ ಆ ಕೌಂಟರಿನ ಮುಂದೆ ಸಮಯವಿಲ್ಲ. ಹಿಂದೆ ಮೊಬೈಲ್ ಚಾಚಿಕೊಂಡು ಹಣ ಕಟ್ಟಲು ನಿಂತವರ ಸಾಲೇ ಇರುತ್ತದೆ. ಅಲ್ಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ, ಅದನ್ನು ತಾಯಿಯೇ ಕೇಳಬೇಕು: “ಎಷ್ಟು ಮಿ.ಲೀ.? ಡಬ್ಬಿ ಮೇಲೆ ಬರೆದುಕೊಡಿ.”

ತಮ್ಮ ಇನ್ನೊಂದು ಸೇವೆಗೆ ಪ್ರಯಾಣಿಕರ ಪರವಾಗಿ ವಿಶೇಷ ಕೃತಜ್ಞತೆ. ಬೆಂಗಳೂರಿನಿಂದ ರಾತ್ರಿ ಹೊರಡುವ ಬಸ್ಸು. ಮಗು ಕಿರುಚುತ್ತಿದೆ. ಪಕ್ಕದ ಸೀಟಿನ ಹಿರಿಯಾಕೆ ಬಾಗಿ, ಅಮೃತವಾಣಿಯಲ್ಲಿ ಹೇಳುತ್ತಾರೆ: “ಒಂಚೂರು ನೆಗಡಿ ಔಷಧಿ ಹಾಕ್ಬಿಡವ್ವ, ದಾವಣಗೆರೆ ದಾಟೋ ತನಕ ಸದ್ದಿರಲ್ಲ.” ತಮ್ಮ ಹಿರಿಯರು ಮಿದುಳಿಗೆ ನುಗ್ಗಿ ಬರಿಸುವ ಮಂಪರು ಒಂದು ಅಡ್ಡಪರಿಣಾಮ. ಅದನ್ನೇ ತಮ್ಮ ಮುಖ್ಯ ವೃತ್ತಿಯೆಂದು ನಮ್ಮ ಜನ ತಿಳಿದಿದ್ದಾರೆ. ಪ್ರೊಮೆಥಜಿನ್ ಪುಟ್ಟ ಮಕ್ಕಳ ಉಸಿರಾಟವನ್ನೇ ಕುಗ್ಗಿಸಿ ಪ್ರಾಣ ತೆಗೆದ ಪ್ರಸಂಗಗಳ ನಂತರ, 2004ರಲ್ಲಿ ಅಮೆರಿಕದ ಔಷಧ ಆಡಳಿತವು ಎರಡು ವರ್ಷದೊಳಗಿನವರಿಗೆ ಅದನ್ನು ಕೊಡಲೇಕೂಡದು ಎಂದು ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಮದ್ದಿನ ನಿದ್ದೆ ಮಗುವಿನ ಸಹಜ ನಿದ್ದೆಯಲ್ಲ. ಕತ್ತಲೆಯ ಬಸ್ಸಿನಲ್ಲಿ ಕಂಬಳಿ ಹೊದ್ದ ಮಗುವಿನ ಉಸಿರು ಹೇಗಿದೆಯೆಂದು ನೋಡುವವರು ಯಾರು? ಇನ್ನು ಕೆಲವು ಮಕ್ಕಳ ವಿಷಯದಲ್ಲಿ ತಾವು ತಿರುಮಂತ್ರ ಹಾಕುತ್ತೀರಿ: ಔಷಧಿ ಕುಡಿದ ಮಗು ಮಲಗುವ ಬದಲು ಎದ್ದು ಕೂತು, ಹಟ ಹಿಡಿದು, ತುಮಕೂರಿನಿಂದ ಚಿತ್ರದುರ್ಗದವರೆಗೆ ಇಡೀ ಬಸ್ಸನ್ನೇ ಜಾಗರಣೆ ಮಾಡಿಸುತ್ತದೆ. ಸಲಹೆ ಕೊಟ್ಟ ಹಿರಿಯಾಕೆಗೆ ತಾವು ಕೊಡುವ ಈ ಪ್ರಸಾದವೊಂದರ ಬಗ್ಗೆ ಮಾತ್ರ ನನ್ನ ಆಕ್ಷೇಪವಿಲ್ಲ.

ನೆಗಡಿಯ ವಿಚಾರಕ್ಕೆ ಬರೋಣ. ಶಾಲೆಯಿಂದ ತಂದುಕೊಂಡ ನೆಗಡಿ ವೈರಸ್ಸಿನದು. ಅದು ಅಲರ್ಜಿಯಲ್ಲ, ಅಲ್ಲಿ ತಮ್ಮಿಂದ ಆಗುವ ಉಪಕಾರ ಅತ್ಯಲ್ಪ. ಆದರೂ ಕರೆದಲ್ಲಿಗೆಲ್ಲ ಹೋಗುವ ತಮ್ಮ ದೊಡ್ಡ ಗುಣವನ್ನು ತಡೆಯಲು ಸರ್ಕಾರಗಳೇ ಹೆಣಗಬೇಕಾಗಿದೆ. 2008ರಲ್ಲಿ ಅಮೆರಿಕದಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಅಂಗಡಿಯ ಕೆಮ್ಮು-ನೆಗಡಿ ಔಷಧಿಗಳು ಬೇಡವೆಂದರು. ಅದೇ ವರ್ಷ ತಯಾರಕರೇ ಲೇಬಲ್ ಬದಲಿಸಿ ನಾಲ್ಕರೊಳಗೆ ಬೇಡ ಎಂದು ಬರೆದರು. 2023ರ ಡಿಸೆಂಬರಿನಲ್ಲಿ ನಮ್ಮ ದೇಶದ ಔಷಧ ನಿಯಂತ್ರಕರು ಕ್ಲೋರ್‌ಫೆನಿರಮೈನ್-ಫಿನೈಲ್‌ಎಫ್ರಿನ್ ಜೋಡಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ಲಿನಲ್ಲಿ ನಮೂದಿಸಲು ಆದೇಶಿಸಿದರು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾ ನಿರ್ದೇಶನಾಲಯವು ಎರಡರೊಳಗಿನವರಿಗೆ ಕೆಮ್ಮು-ನೆಗಡಿ ಸಿರಪ್ ಬರೆಯಲೇಬೇಡಿ, ಐದರೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ವೈದ್ಯರಿಗೆ ತಿಳಿಸಿತು. ಇಷ್ಟೆಲ್ಲ ಆದರೂ ಹಳೆಯ ಬಾಟಲಿಗಳು ನಮ್ಮ ಗೂಡುಗಳಲ್ಲಿ ಸುಖವಾಗಿವೆ. ಆದೇಶ ಓದಿಕೊಂಡು ತಾವಾಗಿಯೇ ಎದ್ದುಹೋದ ಒಂದು ಬಾಟಲಿಯನ್ನೂ ನಾನು ಕಂಡಿಲ್ಲ.

ತಮ್ಮ ಇತ್ತೀಚಿನ ಸಹಚರ ಮಾಂಟೆಲುಕಾಸ್ಟ್ ಅವರಿಗೂ ನನ್ನ ನಮಸ್ಕಾರ ತಿಳಿಸಬೇಕು. ಲೆವೊಸೆಟಿರಿಜಿನ್ ಜೊತೆ ಕೈಕೈ ಹಿಡಿದು ಬರುವ ಈ ಮಹನೀಯರಿಗೆ ಮಕ್ಕಳ ಚೀಟಿಗಳಲ್ಲಿ ಖಾಯಂ ಜಾಗ ಸಿಕ್ಕಿದೆ. ಕೆಲವು ಮಕ್ಕಳಲ್ಲಿ ಕೆಟ್ಟ ಕನಸು, ಸಿಡುಕು, ಮಂಕು, ಅದಕ್ಕೂ ಗಂಭೀರವಾದ ಮನೋವಿಕಾರಗಳು ಕಾಣಿಸಿಕೊಂಡದ್ದರಿಂದ 2020ರಲ್ಲಿ ಅಮೆರಿಕದಲ್ಲಿ ಇವರಿಗೂ ಕಪ್ಪು ಚೌಕಟ್ಟಿನ ಗೌರವ ಸಂದಿದೆ. ಆಸ್ತಮಾಕ್ಕೆ ಡಾಕ್ಟರು ಯೋಚಿಸಿ ಬರೆದಿದ್ದರೆ ನಾವಾಗಿಯೇ ನಿಲ್ಲಿಸುವಂತಿಲ್ಲ. ಆದರೆ ಮಗು ನಡುರಾತ್ರಿ ಬೆಚ್ಚಿಬಿದ್ದು ಅಳಲು ಶುರುಮಾಡಿದರೆ ದೃಷ್ಟಿ ತೆಗೆಯುವ ಮೊದಲು ಡಾಕ್ಟರಿಗೆ ಫೋನ್ ಮಾಡಬೇಕು. ವರ್ಷವಿಡೀ ಮೂಗು ಕಟ್ಟುವ ಮಗುವಿಗೆ ತಮ್ಮಿಬ್ಬರಿಗಿಂತ ಮೂಗಿಗೆ ಹಾಕುವ ಸ್ಟೆರಾಯ್ಡ್ ಸ್ಪ್ರೇ ಹೆಚ್ಚು ಗುಣ ಕೊಡುತ್ತದೆ ಎಂಬ ಗುಟ್ಟನ್ನೂ ಹೇಳಿಬಿಡುತ್ತೇನೆ. ಸ್ಟೆರಾಯ್ಡ್ ಎಂದರೆ ಹೌಹಾರುವ ನಾವು ತಮ್ಮನ್ನು ತಿಂಗಳುಗಟ್ಟಲೆ ಜ್ಯೂಸಿನಂತೆ ಕುಡಿಸುತ್ತೇವೆ. ಜ್ಯೂಸ್ ಎಂದಾಗ ನೆನಪಾಯಿತು: ಫೆಕ್ಸೊಫೆನಡಿನ್ ಅವರನ್ನು ಕಿತ್ತಳೆ ಅಥವಾ ಸೇಬಿನ ರಸದ ಜೊತೆ ಕುಡಿಸಿದರೆ ಅವರು ಮೈಗೆ ಸರಿಯಾಗಿ ಹತ್ತುವುದೇ ಇಲ್ಲ. ಅವರಿಗೆ ನೀರೇ ಆಗಬೇಕು.

ಮಾನ್ಯರೇ, ಇನ್ನು ಮುಂದಿನ ಮಾತಿನಲ್ಲಿ ವಿನಯ ಕಡಿಮೆಯಾದರೆ ಕ್ಷಮೆಯಿರಲಿ. ತಮ್ಮ ಮೂಲಪುರುಷ ಹುಟ್ಟಿದ 1937ರಲ್ಲೇ ಅಮೆರಿಕದಲ್ಲಿ ಸಲ್ಫಾ ಔಷಧಿಯ ಸಿಹಿ ಸಿರಪ್ಪೊಂದು ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಔಷಧವನ್ನು ಕರಗಿಸಲು ಬಳಸಿದ್ದು ಡೈಎಥಿಲಿನ್ ಗ್ಲೈಕಾಲ್. ರುಚಿಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ಅದರಿಂದಾಗಿಯೇ 1938ರಲ್ಲಿ ಅಲ್ಲಿ ಹೊಸ ಕಾನೂನು ಬಂತು. 1986ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಅದೇ ವಿಷ ಬೆರೆತ ಗ್ಲಿಸರಿನ್ 14 ಮಂದಿಯನ್ನು ಬಲಿ ತೆಗೆದುಕೊಂಡಿತು. 2022ರಲ್ಲಿ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತಾಗ, ವಿಶ್ವ ಆರೋಗ್ಯ ಸಂಸ್ಥೆ ಹೆಸರಿಸಿದ ನಾಲ್ಕು ಸಿರಪ್ಪುಗಳು ನಮ್ಮ ದೇಶದಲ್ಲಿ ತಯಾರಾದವು. ಅವುಗಳಲ್ಲೊಂದು ತಮ್ಮ ಮನೆತನದ ಪ್ರೊಮೆಥಜಿನ್. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಸುತ್ತಮುತ್ತ 20ಕ್ಕೂ ಹೆಚ್ಚು ಮಕ್ಕಳು ಹೋದರು. ಆ ಸಿರಪ್ಪಿನ ಲೇಬಲ್ಲಿನಲ್ಲಿದ್ದದ್ದು ಪ್ಯಾರಸಿಟಮಾಲ್, ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್. ಬಾಟಲಿಯಲ್ಲಿ ಪರೀಕ್ಷಕರಿಗೆ ಸಿಕ್ಕಿದ್ದು ಶೇ 48.6ರಷ್ಟು ಡೈಎಥಿಲಿನ್ ಗ್ಲೈಕಾಲ್. ಇರಬಹುದಾದ ಮಿತಿ ಶೇ 0.1.

ಇದನ್ನು ಯಾವ ತಾಯಿಯೂ ಮನೆಯಲ್ಲಿ ಮೂಸಿ, ನೆಕ್ಕಿ ಕಂಡುಹಿಡಿಯಲಾರಳು. ಅದು ತಯಾರಿಸಿದವರ ಕೆಲಸ, ಪರೀಕ್ಷಿಸಬೇಕಾದವರ ಕೆಲಸ, ಪರವಾನಗಿ ಕೊಟ್ಟವರ ಕೆಲಸ. ಅವರು ಮಾಡಲಿಲ್ಲ. ನಮ್ಮ ಕೈಯಲ್ಲಿರುವುದು ಇಷ್ಟೇ: ಬೇಡದ ಸಿರಪ್ಪನ್ನು ಕುಡಿಸದಿರುವುದು, ಬಿಲ್ಲನ್ನೂ ಬ್ಯಾಚ್ ನಂಬರ್ ಇರುವ ಡಬ್ಬಿಯನ್ನೂ ಎಸೆಯದಿರುವುದು, ಔಷಧಿ ಕುಡಿದ ಮಗು ವಾಂತಿ ಮಾಡುತ್ತಾ ಉಚ್ಚೆ ಹೊಯ್ಯುವುದನ್ನು ಕಡಿಮೆ ಮಾಡಿದರೆ ತಕ್ಷಣ ಆಸ್ಪತ್ರೆಗೆ ಓಡುವುದು.

ಜಾಗ ಹಿಡಿಯುವ ತಮ್ಮ ಕಲೆಯ ಬಗ್ಗೆ ಮೊದಲೇ ಹೇಳಿದ್ದೆನಷ್ಟೆ. ಕಡಲೆಕಾಯಿ, ಗೋಡಂಬಿ, ಮೊಟ್ಟೆ, ಸಿಗಡಿ ತಿಂದ ಮೇಲೆ, ಇಲ್ಲವೇ ಕಣಜ ಕಚ್ಚಿದ ಮೇಲೆ ಕೆಲವು ಮಕ್ಕಳಿಗೆ ತುಟಿ-ನಾಲಿಗೆ ಊದುತ್ತದೆ, ಧ್ವನಿ ಒಡೆಯುತ್ತದೆ, ಉಸಿರು ಸಿಳ್ಳೆ ಹಾಕುತ್ತದೆ, ಮೇಲಿಂದ ಮೇಲೆ ವಾಂತಿಯಾಗುತ್ತದೆ, ಮಗು ಸೊರಗಿ ಕುಸಿಯುತ್ತದೆ. ಆಗ ಬೇಕಾದದ್ದು ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಅಡ್ರಿನಾಲಿನ್ ಚುಚ್ಚುಮದ್ದು. ಕುಸಿಯುವ ರಕ್ತದೊತ್ತಡವನ್ನು ಎತ್ತುವ, ಕಟ್ಟುವ ಉಸಿರಿನ ದಾರಿಯನ್ನು ಬಿಡಿಸುವ ಶಕ್ತಿ ತಮಗಿಲ್ಲ. ಚರ್ಮದ ತುರಿಕೆಯನ್ನಷ್ಟೇ ತಾವು ತಣಿಸಬಲ್ಲಿರಿ. ಆದರೂ ಆ ಹೊತ್ತಿನಲ್ಲಿ ಮೊದಲು ಕರೆ ಹೋಗುವುದು ತಮಗೇ. ‘ಸಿರಪ್ ಹಾಕಿದೀವಿ, ಅರ್ಧ ಗಂಟೆ ನೋಡೋಣ’ ಎಂದು ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ಮಗುವಿನ ಪಾಲಿಗೆ ಇದ್ದದ್ದೇ ಆ ಅರ್ಧ ಗಂಟೆ. ದಯವಿಟ್ಟು ಆ ಕುರ್ಚಿಯನ್ನು ತೆರವು ಮಾಡಿಕೊಡಿ. ಅಂಥ ಹೊತ್ತಿನಲ್ಲಿ 108ಕ್ಕೆ ಕರೆ ಹೋಗಬೇಕು, ಅಥವಾ ಕೈಗೆ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಮಗು ಹೋಗಬೇಕು. ಮಗುವನ್ನು ನಿಲ್ಲಿಸಬಾರದು, ನಡೆಸಬಾರದು. ಅಂಗಾತ ಮಲಗಿಸಿ ಕಾಲನ್ನು ಸ್ವಲ್ಪ ಎತ್ತರಕ್ಕಿಡಬೇಕು. ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಬೇಕು.

ಕೊನೆಗೆ ತಮ್ಮ ವಾಸಸ್ಥಾನದ ಕುರಿತು ಒಂದು ಮಾತು. ‘ಚಾಕೊಲೇಟ್ ಔಷಧಿ, ಜಾಣಮರಿ ಕುಡಿ’ ಎಂದು ತಮ್ಮನ್ನು ಪರಿಚಯಿಸುವವರು ನಾವೇ. ಆ ಜಾಣಮರಿ ಮರುದಿನ ಸ್ಟೂಲು ಎಳೆದುಕೊಂಡು ಹೋಗಿ ಚಾಕೊಲೇಟನ್ನು ತಾನೇ ತೆಗೆದುಕೊಂಡರೆ ಆಶ್ಚರ್ಯವೇನು? ಮಿತಿಮೀರಿ ಹೊಟ್ಟೆಗೆ ಹೋದರೆ ತಾವು ಬರೀ ನಿದ್ದೆ ಬರಿಸಿ ಸುಮ್ಮನಾಗುವವರಲ್ಲ. ಎದೆ ಬಡಿತ ಏರಿಸುತ್ತೀರಿ, ಮಗುವನ್ನು ಕಂಗೆಡಿಸುತ್ತೀರಿ, ಫಿಟ್ಸ್ ಕೂಡ ತರಿಸುತ್ತೀರಿ. ತಮಗೆ ಮಗುವಿನ ಕೈಗೆಟುಕದ, ಚಿಲಕವಿರುವ ಗೂಡೇ ಶೋಭೆ. ಬಹುಪಾಲು ತಮ್ಮವರಿಗೆ ಫ್ರಿಜ್ಜೂ ಬೇಕಿಲ್ಲ. ಲೇಬಲ್ಲಿನಲ್ಲಿ ಬರೆದ ತಂಪು, ನೆರಳು ಸಾಕು. ಹೋದ ವರ್ಷ ಅಣ್ಣನಿಗೆ ಬರೆದ ಬಾಟಲಿಯ ತಳದಲ್ಲಿ ಉಳಿದದ್ದು ಈ ವರ್ಷ ತಂಗಿಗೆ ಬಳುವಳಿಯಾಗಿ ಬರುವ ಸಂಪ್ರದಾಯವನ್ನೂ ತಾವು ನಯವಾಗಿ ನಿರಾಕರಿಸಬೇಕಾಗಿ ವಿನಂತಿ.

ಆದ್ದರಿಂದ ಮಾನ್ಯರಾದ ತಾವು ದೊಡ್ಡ ಮನಸ್ಸು ಮಾಡಿ, ತಮ್ಮೊಳಗಿರುವವರ ಹೆಸರನ್ನೂ ಅವರ ಮಿ.ಗ್ರಾಂ ಲೆಕ್ಕವನ್ನೂ ಕನ್ನಡದಲ್ಲಿ, ಸ್ಟ್ರಾಬೆರಿಗಿಂತ ದೊಡ್ಡದಾಗಿ ಮೈಮೇಲೆ ಬರೆಸಿಕೊಳ್ಳಬೇಕಾಗಿಯೂ, ಡಬ್ಬಿಯೊಳಗೆ ಒಂದು ಸಿರಿಂಜನ್ನು ಕರೆತರಬೇಕಾಗಿಯೂ, ಅಲರ್ಜಿ ಇಲ್ಲದಲ್ಲಿಗೆ ಕರೆದರೂ ಹೋಗಬಾರದಾಗಿಯೂ, ಅಡ್ರಿನಾಲಿನ್ ಬರಬೇಕಾದಲ್ಲಿ ಅಡ್ಡ ನಿಲ್ಲಬಾರದಾಗಿಯೂ ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸುತ್ತೇನೆ.

ವಂದನೆಗಳೊಂದಿಗೆ,
ಇಂತಿ ತಮ್ಮ ವಿಧೇಯಳು,
ಸೀನುವ ಮಗುವೊಂದರ ತಾಯಿ

ಪ್ರತಿಗಳು:
1. ಸಿರಪ್ ತಯಾರಿಸುವ ಸಮಸ್ತರಿಗೆ, ಕುಡಿಸುವ ಮೊದಲು ಪರೀಕ್ಷಿಸುವುದು ತಾಯಂದಿರ ಕೆಲಸವಲ್ಲ ಎಂಬ ನೆನಪಿನೊಂದಿಗೆ.
2. ‘ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ’ ಎನ್ನುವ ಅಂಗಡಿಯಣ್ಣಂದಿರಿಗೆ, ಒಂದು ಪೆನ್ನಿನೊಂದಿಗೆ.
3. ಮಕ್ಕಳಿರುವ ಎಲ್ಲ ಮನೆಗಳಿಗೆ: ಬಾಟಲಿಯ ಮುಚ್ಚಳ ತಿರುಗಿಸುವ ಮುನ್ನ ಒಳಗಿರುವ ಔಷಧದ ಹೆಸರು ಓದಿ, ಚೀಟಿಯಲ್ಲಿರುವ ಮಿ.ಲೀ.ಗೆ ತಾಳೆ ನೋಡಿ, ಮಗುವಿನ ಈಗಿನ ತೂಕ ಡಾಕ್ಟರಿಗೆ ತಿಳಿಸಿ, ಗೆರೆಯಿರುವ ಸಿರಿಂಜಿನಲ್ಲೇ ಅಳೆಯಿರಿ. ಇವುಗಳಲ್ಲಿ ಯಾವುದರ ಬಗ್ಗೆ ಅನುಮಾನವಿದ್ದರೂ ಕುಡಿಸಬೇಡಿ, ಮೊದಲು ಕೇಳಿ. ನೆಗಡಿ ಒಂದು ವಾರ ಕಾಯುತ್ತದೆ.